ಹೊಸ ಬಡಾವಣೆಯ ಸೋಶಿಯಲ್ ಮನೆ ಹಂಚಿಕೆ: ಮೊದಲ ಸಲಕ್ಕೆ ನಾಲ್ಕು ಸ್ಟಾರ್, ಆಮೇಲಿನದಕ್ಕೆ ಒಂದೂವರೆ

ಇಂಗ್ಲೆಂಡಿನಲ್ಲಿ ಹೊಸ ಮನೆ ಹುಡುಕುವ ನಮ್ಮವರು ಮೊದಲು ಕೇಳುವುದು ಸ್ಕೂಲ್ ಹೇಗಿದೆ ಅಂತ. ಆಮೇಲೆ ಸ್ವಲ್ಪ ದನಿ ತಗ್ಗಿಸಿ ಕೇಳುವುದು, "ಅಲ್ಲಿ ಸೋಶಿಯಲ್ ಹೌಸಿಂಗ್ ಜಾಸ್ತಿ ಇದೆಯಂತಲ್ಲ, ಪರವಾಗಿಲ್ವಾ?" ಅಂದರೆ ಸ್ಥಳೀಯ ಆಡಳಿತವಾದ ಕೌನ್ಸಿಲ್, ಇಲ್ಲವೇ ಲಾಭಕ್ಕಲ್ಲದೆ ನಡೆಯುವ ಹೌಸಿಂಗ್ ಅಸೋಸಿಯೇಷನ್ ಕಡಿಮೆ ಬಾಡಿಗೆಗೆ ಕೊಡುವ ಮನೆಗಳು. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇದಕ್ಕೆ ಬರುವ ಉತ್ತರ ಓದಿ ಓದಿ ಸಾಕಾಗಿದೆ. ಅರ್ಧ ಜನ ಆ ಕಡೆ ತಲೆ ಹಾಕಬೇಡಿ ಅನ್ನುತ್ತಾರೆ. ಇನ್ನರ್ಧ ಜನ ಎಲ್ಲರೂ ಮನುಷ್ಯರೇ ಅಲ್ವಾ ಅಂತ ನೀತಿ ಪಾಠ ಶುರು ಮಾಡುತ್ತಾರೆ. ಆ ಮನೆಗಳನ್ನು ಯಾರಿಗೆ, ಯಾವ ಲೆಕ್ಕದಲ್ಲಿ ಕೊಡುತ್ತಾರೆ ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಹಾಗಾಗಿ ಈ ರಿವ್ಯೂ. ಮನೆಯದ್ದಲ್ಲ, ಬಿಲ್ಡರ್‌ದೂ ಅಲ್ಲ. ಹಂಚಿಕೆ ಅನ್ನುವ ಸೇವೆಯದ್ದು. ಕೌನ್ಸಿಲ್ ಮತ್ತು ಹೌಸಿಂಗ್ ಅಸೋಸಿಯೇಷನ್ ಸೇರಿ ನಡೆಸುವ ಈ ಸೇವೆಗೆ ನಾವೆಲ್ಲ ತೆರಿಗೆ ಕಟ್ಟುತ್ತೇವೆ, ಅದರ ಫಲಿತಾಂಶದ ಪಕ್ಕದಲ್ಲೇ ಬದುಕುತ್ತೇವೆ. ರಿವ್ಯೂ ಬರೆದವರನ್ನು ಮಾತ್ರ ನಾನು ಕಂಡಿಲ್ಲ.

ನಾನಿರುವುದು ಊರಂಚಿನ ಒಂದು ಹೊಸ ಬಡಾವಣೆಯಲ್ಲಿ, ಶೇರ್ಡ್ ಓನರ್‌ಶಿಪ್ ಮನೆಯಲ್ಲಿ. ಅಂದರೆ ಮನೆಯ ಒಂದು ಪಾಲು ನನ್ನದು, ಉಳಿದ ಪಾಲಿಗೆ ಹೌಸಿಂಗ್ ಅಸೋಸಿಯೇಷನ್‌ಗೆ ಬಾಡಿಗೆ ಕಟ್ಟುತ್ತೇನೆ. ಎಡಗಡೆ ಪೂರ್ತಿ ಮಾರ್ಟ್‌ಗೇಜ್ ಮೇಲೆ ಕೊಂಡವರು. ಬಲಗಡೆ ಸೋಶಿಯಲ್ ರೆಂಟ್‌ನವರು. ಎರಡೂ ಕಡೆಯ ಗೊಣಗಾಟ ಬೇಲಿ ದಾಟಿ ನನ್ನ ಕಿವಿಗೇ ಬೀಳುತ್ತದೆ. ಅದಲ್ಲದೆ ನನ್ನ ಜೊತೆ ಕೆಲಸ ಮಾಡುವ ಕನ್ನಡತಿಯೊಬ್ಬರು, ಗಂಡನಿಂದ ಬೇರೆಯಾಗಿ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಒಂದೇ ಕೋಣೆಯಲ್ಲಿದ್ದವರು, ಇದೇ ಕೌನ್ಸಿಲ್‌ಗೆ ಅರ್ಜಿ ಹಾಕಿದಾಗ ಫಾರಂ ತುಂಬುವುದರಿಂದ ಬೀಗದ ಕೈ ತಗೊಳ್ಳುವವರೆಗೂ ನಾನು ಜೊತೆಗಿದ್ದೆ. ಕೌನ್ಸಿಲ್ ಹೆಸರು, ಅಸೋಸಿಯೇಷನ್ ಹೆಸರು ಇಲ್ಲಿ ಹೇಳುವುದಿಲ್ಲ. ಹೇಳಿದರೂ ಉಪಯೋಗ ಇಲ್ಲ, ಬಹಳಷ್ಟು ಕಡೆ ಕಥೆ ಇದೇ.

ಮೊದಲು ಈ ಮನೆಗಳು ಎಲ್ಲಿಂದ ಬರುತ್ತವೆ ಅಂತ ನೋಡೋಣ. 1990ರ ಟೌನ್ ಆ್ಯಂಡ್ ಕಂಟ್ರಿ ಪ್ಲಾನಿಂಗ್ ಆ್ಯಕ್ಟ್‌ನಲ್ಲಿ 106ನೇ ಸೆಕ್ಷನ್ ಅಂತ ಒಂದಿದೆ. ಬಿಲ್ಡರ್‌ಗೆ ಕಟ್ಟಲು ಅನುಮತಿ ಬೇಕಾದರೆ ಇಷ್ಟು ಮನೆ ಕಡಿಮೆ ದರದ್ದಾಗಿರಬೇಕು, ಇಂಥ ಹೊತ್ತಿಗೆ ಸ್ಕೂಲ್ ಕಟ್ಟಬೇಕು ಅಂತೆಲ್ಲ ಕೌನ್ಸಿಲ್ ಒಪ್ಪಂದ ಬರೆಸಿಕೊಳ್ಳುತ್ತದೆ. ಆ ಮನೆಗಳನ್ನು ಹೌಸಿಂಗ್ ಅಸೋಸಿಯೇಷನ್ ಕೊಂಡುಕೊಳ್ಳುತ್ತದೆ. ಯಾರಿಗೆ ಕೊಡಬೇಕು ಅನ್ನುವ ಹೆಸರುಗಳನ್ನು ಕೌನ್ಸಿಲ್ ಕಳಿಸುತ್ತದೆ. ಇದಕ್ಕೆ ನಾಮಿನೇಷನ್ ಅನ್ನುತ್ತಾರೆ. ಮೊದಲ ಸಲ ತುಂಬುವಾಗ ಸಾಮಾನ್ಯವಾಗಿ ಎಲ್ಲ ಮನೆಗಳ ನಾಮಿನೇಷನ್ ಕೌನ್ಸಿಲ್‌ದೇ. ಆಮೇಲೆ ಖಾಲಿಯಾದಾಗ ಒಂದು ಪಾಲು ಅಸೋಸಿಯೇಷನ್ ಕೈಗೆ ಹೋಗುತ್ತದೆ.

ಹೆಸರು ಬರುವುದು ಕಾಯುವವರ ಪಟ್ಟಿಯಿಂದ. ಇಂಗ್ಲೆಂಡಿನಲ್ಲಿ ಆ ಪಟ್ಟಿಯಲ್ಲಿರುವ ಕುಟುಂಬಗಳು ಸುಮಾರು 13 ಲಕ್ಷ. ಯಾರಿಗೆ ಆದ್ಯತೆ ಅನ್ನುವುದು 1996ರ ಹೌಸಿಂಗ್ ಆ್ಯಕ್ಟ್‌ನಲ್ಲಿದೆ. ಮನೆ ಇಲ್ಲದವರು, ಇಕ್ಕಟ್ಟಿನಲ್ಲಿ ಅಥವಾ ಹಾಳುಬಿದ್ದ ಮನೆಯಲ್ಲಿರುವವರು, ಕಾಯಿಲೆ ಅಥವಾ ಅಂಗವೈಕಲ್ಯದ ಕಾರಣಕ್ಕೆ ಮನೆ ಬದಲಿಸಬೇಕಾದವರು, ಒಂದು ನಿರ್ದಿಷ್ಟ ಜಾಗಕ್ಕೆ ಹೋಗದಿದ್ದರೆ ತೊಂದರೆಗೆ ಸಿಲುಕುವವರು. ಇವರನ್ನು ಕೌನ್ಸಿಲ್‌ಗಳು ಸಾಮಾನ್ಯವಾಗಿ ಎ, ಬಿ, ಸಿ, ಡಿ ಅಂತ ಬ್ಯಾಂಡ್ ಮಾಡಿ ಇಡುತ್ತವೆ. ಕೆಲವು ಕಡೆ ಪಾಯಿಂಟ್ ಲೆಕ್ಕ ಇರುತ್ತದೆ. 2011ರ ಲೋಕಲಿಸಂ ಆ್ಯಕ್ಟ್ ಬಂದ ಮೇಲೆ ಪಟ್ಟಿಗೆ ಯಾರನ್ನು ಸೇರಿಸಬೇಕು ಅನ್ನುವುದರಲ್ಲೂ ಕೌನ್ಸಿಲ್‌ಗೆ ಸ್ವಾತಂತ್ರ್ಯ ಸಿಕ್ಕಿತು. ಇಷ್ಟು ವರ್ಷ ಇಲ್ಲೇ ಇದ್ದಿರಬೇಕು ಅನ್ನುವ ಷರತ್ತು ಹೆಚ್ಚಾಗಿದ್ದು ಆಗಲೇ. ಲಂಡನ್ನಿನ ಹಿಲ್ಲಿಂಗ್‌ಡನ್ 10 ವರ್ಷ ಅಂತ ಇಟ್ಟಿತ್ತು. ನಿರಾಶ್ರಿತರಿಗೂ ಐರಿಶ್ ಟ್ರಾವೆಲರ್ ಎಂಬ ಅಲೆಮಾರಿ ಸಮುದಾಯಕ್ಕೂ ಇದರಿಂದ ಅನ್ಯಾಯ ಆಗುತ್ತದೆ ಅಂತ 2019ರಲ್ಲಿ ಕೋರ್ಟ್ ಆಫ್ ಅಪೀಲ್ ಅದನ್ನು ತಪ್ಪು ಅಂದಿತು.

ಇನ್ನು ವೆಬ್‌ಸೈಟ್. ಬಿಡ್ಡಿಂಗ್ ಅನ್ನುತ್ತಾರೆ, ಆದರೆ ದುಡ್ಡಿನ ಹರಾಜು ಅಲ್ಲ. ವಾರಕ್ಕೊಮ್ಮೆ ಖಾಲಿ ಮನೆಗಳ ಪಟ್ಟಿ ಬರುತ್ತದೆ, ನಿಮಗೆ ಬೇಕಾದ್ದಕ್ಕೆ ಆಸಕ್ತಿ ತೋರಿಸಬೇಕು. ಒಂದೇ ಮನೆಗೆ ಬಿಡ್ ಮಾಡಿದವರಲ್ಲಿ ಮೇಲಿನ ಬ್ಯಾಂಡಿನವರು, ಅದರಲ್ಲೂ ಪಟ್ಟಿಗೆ ಮೊದಲು ಸೇರಿದವರು ಮುಂದೆ. ಇದು ನೆದರ್ಲೆಂಡ್ಸ್‌ನ ಡೆಲ್ಫ್ಟ್ ಎಂಬ ಊರಿನಿಂದ ಬಂದ ಪದ್ಧತಿ. 2001ರಲ್ಲಿ ಇಲ್ಲಿನ ಸರ್ಕಾರ ದುಡ್ಡು ಕೊಟ್ಟು ಕೆಲವು ಕಡೆ ಪ್ರಯೋಗ ಮಾಡಿಸಿ ಆಮೇಲೆ ಹಬ್ಬಿಸಿತು. ಐಡಿಯಾ ಒಳ್ಳೆಯದೇ. ಅಧಿಕಾರಿ ಕೊಟ್ಟಿದ್ದನ್ನು ತಗೋ ಅನ್ನುವ ಬದಲು ಜನ ತಾವೇ ಆರಿಸಲಿ ಅಂತ. ಆದರೆ ನಮ್ಮ ಕೌನ್ಸಿಲ್‌ನ ಸೈಟ್ ಮೊಬೈಲಿನಲ್ಲಿ ಸರಿಯಾಗಿ ತೆರೆಯುವುದಿಲ್ಲ. ಪೇ ಸ್ಲಿಪ್ ಅಪ್‌ಲೋಡ್ ಮಾಡಿದರೆ ಮಾಡಿಲ್ಲ ಅಂತ ಮೆಸೇಜ್ ಬರುತ್ತದೆ. ನೀವು ಎಷ್ಟನೇ ಸ್ಥಾನದಲ್ಲಿದ್ದಿರಿ ಅಂತ ತೋರಿಸುತ್ತದೆ, ಯಾಕೆ ಸಿಗಲಿಲ್ಲ ಅಂತ ತೋರಿಸುವುದಿಲ್ಲ. ನನ್ನ ಸಹೋದ್ಯೋಗಿ ಒಂದು ಮನೆಗೆ ಎರಡನೇ ಸ್ಥಾನದಲ್ಲಿದ್ದರು, ಮೊದಲನೆಯವರು ಬೇಡ ಅಂದರು, ಆದರೂ ಮನೆ ಇವರಿಗೆ ಬರಲಿಲ್ಲ. ಕೇಳಿದರೆ ಸಿಕ್ಕ ಉತ್ತರ ಒಂದೇ ಸಾಲು: ಈ ಮನೆಗೆ ಲೋಕಲ್ ಲೆಟಿಂಗ್ಸ್ ಪ್ಲಾನ್ ಅನ್ವಯಿಸುತ್ತದೆ.

ಈ ಪ್ಲಾನೇ ಈ ರಿವ್ಯೂದ ತಿರುಳು.

ಅದೇ 1996ರ ಕಾಯ್ದೆಯ 166ಎ ಸೆಕ್ಷನ್‌ನಲ್ಲಿ ಒಂದು ಸಣ್ಣ ಕಿಟಕಿ ಇದೆ. ಕೆಲವು ನಿರ್ದಿಷ್ಟ ಮನೆಗಳನ್ನು ನಿರ್ದಿಷ್ಟ ರೀತಿಯ ಜನರಿಗೆ ಕೊಡಬಹುದು, ಅವರು ಆದ್ಯತೆ ಪಟ್ಟಿಯಲ್ಲಿ ಮೇಲಿರಲಿ ಬಿಡಲಿ. ಹೊಸ ಬಡಾವಣೆ ತುಂಬುವಾಗ ಕೌನ್ಸಿಲ್‌ಗಳು ಈ ಕಿಟಕಿಯನ್ನು ಚೆನ್ನಾಗಿ ಬಳಸುತ್ತವೆ. ಹಾಗೆ ಬರೆದಿಡುವ ನಿಯಮಗಳೇ ಲೋಕಲ್ ಲೆಟಿಂಗ್ಸ್ ಪ್ಲಾನ್. ನಮ್ಮ ಬಡಾವಣೆಯ ಪ್ಲಾನ್ ಕೆಲವೇ ಪುಟದ್ದು. ಒಂದಷ್ಟು ಮನೆ ಕೆಲಸದಲ್ಲಿರುವವರಿಗೆ. ಒಂದಷ್ಟು ಈಗಾಗಲೇ ಕೌನ್ಸಿಲ್ ಮನೆಯಲ್ಲಿದ್ದು ಬದಲಾಯಿಸಿಕೊಳ್ಳುವವರಿಗೆ. ಬಾಡಿಗೆ ಬಾಕಿ ಇರಬಾರದು, ಹಿಂದಿನ ಮನೆಯಲ್ಲಿ ಗಲಾಟೆಯ ದೂರು ಇರಬಾರದು. ಕೆಲವು ಮನೆಗಳಲ್ಲಿ ಬೇಕಂತಲೇ ಒಂದು ಬೆಡ್‌ರೂಮ್ ಖಾಲಿ ಬಿಡಬಹುದು. ಉದ್ದೇಶ ಅನ್ನುವ ಕಡೆ ಸಮತೋಲನದ ಸಮುದಾಯ ಕಟ್ಟುವುದು ಅಂತ ಬರೆದಿದ್ದಾರೆ.

ಸಮತೋಲನ ಅಂದರೆ ಏನು, ಯಾರ ನಡುವೆ, ಎಷ್ಟು ಅಂತ ಎಲ್ಲೂ ಹೇಳಿಲ್ಲ. ನಾನು ಕೌನ್ಸಿಲ್‌ಗೆ ಬರೆದು ಕೇಳಿದೆ. ಅದೇ ಪ್ಯಾರಾವನ್ನು ಕಾಪಿ ಮಾಡಿ ಕಳಿಸಿದರು.

ಆದರೆ ಇಂಥ ಪ್ಲಾನ್ ಸುಮ್ನೆ ಹುಟ್ಟಿದ್ದಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಲ್ಲಿ ವಸತಿಯ ಹೊಣೆ ಹೊತ್ತಿದ್ದವರು ಆರೋಗ್ಯ ಮಂತ್ರಿ ಅನ್ಯೂರಿನ್ ಬೆವನ್. ಡಾಕ್ಟರು, ಅಂಗಡಿಯವರು, ಹೊಲದ ಕೂಲಿಯವರು ಒಂದೇ ಬೀದಿಯಲ್ಲಿರಬೇಕು ಅನ್ನುವುದು ಅವರ ಆಸೆ. ಕೌನ್ಸಿಲ್ ಮನೆ ಕಾರ್ಮಿಕ ವರ್ಗಕ್ಕೆ ಮಾತ್ರ ಅನ್ನುವ ಮಿತಿಯನ್ನು 1949ರ ಕಾಯ್ದೆಯಲ್ಲಿ ತೆಗೆದುಹಾಕಿದರು. ಆಮೇಲೆ ಬೇರೆಬೇರೆ ಒಳ್ಳೆಯ ಉದ್ದೇಶಗಳು ಒಂದಕ್ಕೊಂದು ಡಿಕ್ಕಿ ಹೊಡೆದವು. 1977ರಲ್ಲಿ ಮನೆ ಇಲ್ಲದವರ ಹೊಣೆ ಕೌನ್ಸಿಲ್ ಮೇಲೆ ಬಂತು. ಸರಿಯಾದ ಕೆಲಸ. 1980ರಲ್ಲಿ ರೈಟ್ ಟು ಬೈ ಕಾಯ್ದೆ ಬಂದು, ಇದ್ದ ಮನೆಗಳನ್ನು ಬಾಡಿಗೆದಾರರಿಗೇ ರಿಯಾಯಿತಿಯಲ್ಲಿ ಮಾರಲು ಶುರುವಾಯಿತು. ಇಂಗ್ಲೆಂಡಿನಲ್ಲಿ ಇಲ್ಲಿಯವರೆಗೆ ಹಾಗೆ ಹೋದ ಮನೆಗಳು ಸುಮಾರು 20 ಲಕ್ಷ. ಕೊಂಡವರು ಸ್ವಲ್ಪ ಗಟ್ಟಿ ಇದ್ದವರು, ಹೋದದ್ದು ಒಳ್ಳೆಯ ಮನೆಗಳು. ಉಳಿದ ಮನೆ ಕಡಿಮೆ, ಕಾಯುವವರು ಜಾಸ್ತಿ. ಆದ್ದರಿಂದ ತೀರಾ ಕಷ್ಟದಲ್ಲಿರುವವರಿಗೆ ಮಾತ್ರ ಅನ್ನುವ ಹಾಗಾಯಿತು. ಇದರಲ್ಲಿ ಹಂಚುವವರ ದುಷ್ಟತನ ಏನಿಲ್ಲ. ಇದ್ದಿದ್ದರಲ್ಲಿ ಅತಿ ಕಷ್ಟದವರಿಗೆ ಮೊದಲು ಕೊಡು ಅಂದರೆ ಆಗುವುದೇ ಹೀಗೆ.

ಹಳೆಯ ಬಡಾವಣೆಯಲ್ಲಿ ಇದರ ಪರಿಣಾಮ ನಿಧಾನ. ವರ್ಷಕ್ಕೆ ನಾಲ್ಕೈದು ಮನೆ ಖಾಲಿಯಾಗುತ್ತದೆ, ನಾಲ್ಕೈದು ಕುಟುಂಬ ಬರುತ್ತದೆ. ಪಕ್ಕದಲ್ಲಿ ಮೂವತ್ತು ವರ್ಷದಿಂದ ಇರುವ ಅಜ್ಜಿ ಇರುತ್ತಾರೆ. ಹೊಸ ಬಡಾವಣೆಯಲ್ಲಿ ಎಲ್ಲಾ ಮನೆ ಒಂದೇ ಸಲ ತುಂಬುತ್ತದೆ, ಎಲ್ಲರೂ ಪಟ್ಟಿಯ ಮೇಲ್ತುದಿಯಿಂದಲೇ ಬರುತ್ತಾರೆ, ಎಲ್ಲರೂ ಹೊಸಬರು. 1993ರಲ್ಲಿ, ಬಡತನ ಮತ್ತು ವಸತಿಯ ಬಗ್ಗೆ ಅಧ್ಯಯನ ಮಾಡಿಸುವ ಜೋಸೆಫ್ ರೌನ್‌ಟ್ರೀ ಫೌಂಡೇಶನ್ ಹೊರತಂದ ಡೇವಿಡ್ ಪೇಜ್ ಅವರ ವರದಿ ಹೌಸಿಂಗ್ ಅಸೋಸಿಯೇಷನ್‌ಗಳ ಹೊಸ ಬಡಾವಣೆಗಳ ಬಗ್ಗೆ ಹೇಳಿದ್ದು ಇದನ್ನೇ. ದುಡಿಮೆ ಇಲ್ಲದ ಮನೆಗಳು ಜಾಸ್ತಿ ಅನ್ನುವುದರ ಜೊತೆ ಅದು ಬೊಟ್ಟು ಮಾಡಿದ ಇನ್ನೊಂದು ವಿಷಯ, ಮಕ್ಕಳ ಸಂಖ್ಯೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಈ ಮಕ್ಕಳ ಲೆಕ್ಕ ಯಾರಿಗೂ ಹೊಳೆಯುವುದಿಲ್ಲ, ಆದರೆ ಬೀದಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಕಣ್ಣಿಗೆ ಬೀಳುವುದು ಇದೇ. ಮೂರು ಬೆಡ್‌ರೂಮಿನ ಮನೆಯನ್ನು ಪಟ್ಟಿಯ ಪ್ರಕಾರ ಕೊಟ್ಟರೆ ಅದಕ್ಕೆ ಬರುವುದು ಮೂರು ಬೆಡ್‌ರೂಮೂ ತುಂಬುವ ಕುಟುಂಬ. ಇಬ್ಬರು ದೊಡ್ಡವರು, ಮೂರು ಮಕ್ಕಳು. ಕೆಲವು ಮನೆಯಲ್ಲಿ ಒಬ್ಬರೇ ದೊಡ್ಡವರು, ನಾಲ್ಕು ಮಕ್ಕಳು. ಅಕ್ಕಪಕ್ಕದ ಸ್ವಂತ ಮನೆಗಳಲ್ಲಿ ಅಷ್ಟೇ ಬೆಡ್‌ರೂಮಿಗೆ ಒಂದು ಮಗು, ಒಂದು ಆಫೀಸ್ ರೂಮ್, ಒಂದು ಟ್ರೆಡ್‌ಮಿಲ್. ಇಪ್ಪತ್ತು ಸೋಶಿಯಲ್ ಮನೆ ಒಂದೇ ಸಾಲಿನಲ್ಲಿದ್ದರೆ ಅಲ್ಲಿ ದೊಡ್ಡವರಿಗಿಂತ ಮಕ್ಕಳೇ ಜಾಸ್ತಿ ಆಗಿಬಿಡುತ್ತಾರೆ. ಅವರೆಲ್ಲ ಹೆಚ್ಚುಕಡಿಮೆ ಒಂದೇ ವಯಸ್ಸಿನವರು, ಯಾಕೆಂದರೆ ಕುಟುಂಬಗಳು ಒಂದೇ ಹೊತ್ತಿಗೆ ಬಂದಿವೆ. ಐದು ವರ್ಷದಲ್ಲಿ ಎಲ್ಲರೂ ಒಟ್ಟಿಗೆ ಹದಿಹರೆಯಕ್ಕೆ ಬರುತ್ತಾರೆ. ಆಟದ ಮೈದಾನದಲ್ಲಿ ಇರುವುದು ಮಾತ್ರ ಪುಟ್ಟ ಮಕ್ಕಳ ಜಾರುಬಂಡೆ. ಬಸ್ ಸ್ಟಾಪಿನಲ್ಲಿ ಕೂತು ಹರಟುತ್ತಾರೆ, ಬೇಲಿಗೆ ಚೆಂಡು ಹೊಡೆಯುತ್ತಾರೆ. ನಮ್ಮ ನಿವಾಸಿಗಳ ಗುಂಪಿನಲ್ಲಿ "ಈ ಸೋಶಿಯಲ್ ಜನ" ಅಂತ ಬರುವ ದೂರುಗಳನ್ನು ನೋಡಿದರೆ ಬಹುಪಾಲು ಇಂಥವೇ. ತಂದೆ ತಾಯಿಗೆ ಕೆಲಸ ಇದ್ದರೂ ಚೆಂಡು ಬೇಲಿಗೆ ಬೀಳುತ್ತದೆ. ಕೆಲಸ ಇಲ್ಲದಿದ್ದರೂ ಬೀಳುತ್ತದೆ.

ಅದಕ್ಕೇ ಪ್ಲಾನಿನಲ್ಲಿ ನನಗೆ ಬಹಳ ಹಿಡಿಸಿದ್ದು ಖಾಲಿ ಬೆಡ್‌ರೂಮಿನ ಸಾಲು. ಎರಡು ಬೆಡ್‌ರೂಮ್ ಸಾಕಾಗುವ ಕುಟುಂಬಕ್ಕೆ ಮೂರು ಕೊಡಿ. ಮಕ್ಕಳ ಸಾಂದ್ರತೆ ಇಳಿಯುತ್ತದೆ, ನಾಳೆ ಇನ್ನೊಂದು ಮಗುವಾದರೆ ಮತ್ತೆ ಪಟ್ಟಿಗೆ ಬರಬೇಕಿಲ್ಲ, ಜನ ಒಂದೇ ಕಡೆ ನೆಲೆ ನಿಲ್ಲುತ್ತಾರೆ. ಜನರ ಗುಣ ನಡತೆ ಅಳೆಯದೆ ಮನೆಗಳ ಲೆಕ್ಕದಲ್ಲೇ ಬೀದಿಯನ್ನು ಸರಿದೂಗಿಸುವ ದಾರಿ ಇದು. ಕಾಗದದ ಮೇಲೆ ಐದಕ್ಕೆ ಐದು ಕೊಡುತ್ತಿದ್ದೆ.

ಆದರೆ 2013ರ ಏಪ್ರಿಲ್‌ನಲ್ಲಿ ಬೆಡ್‌ರೂಮ್ ಟ್ಯಾಕ್ಸ್ ಬಂತು. ಸರ್ಕಾರಿ ಹೆಸರು ಬೇರೆ ಇದೆ, ಜನ ಕರೆಯುವುದು ಹೀಗೆ. ದುಡಿಯುವ ವಯಸ್ಸಿನವರ ಸೋಶಿಯಲ್ ಮನೆಯಲ್ಲಿ ಲೆಕ್ಕಕ್ಕಿಂತ ಒಂದು ಬೆಡ್‌ರೂಮ್ ಹೆಚ್ಚಿದ್ದರೆ ಬಾಡಿಗೆಗೆ ಸಿಗುವ ಸಹಾಯಧನದಲ್ಲಿ ಬಾಡಿಗೆಯ 14% ಕಡಿತ, ಎರಡು ಅಥವಾ ಹೆಚ್ಚಿದ್ದರೆ 25%. ಲೆಕ್ಕ ಹೇಗೆಂದರೆ, ಒಂದೇ ಲಿಂಗದ ಮಕ್ಕಳು 16 ವರ್ಷದವರೆಗೆ ಕೋಣೆ ಹಂಚಿಕೊಳ್ಳಬೇಕು, ಹುಡುಗ ಹುಡುಗಿ ಆದರೆ 10ರವರೆಗೆ. ನನ್ನ ಸಹೋದ್ಯೋಗಿಯ ಮಕ್ಕಳು ಇಬ್ಬರೂ ಸಣ್ಣವರು, ಹಾಗಾಗಿ ಅವರ ಹಕ್ಕು ಎರಡು ಬೆಡ್‌ರೂಮ್. ವಾರಕ್ಕೆ 150 ಪೌಂಡ್ ಬಾಡಿಗೆಯ ಮೂರು ಬೆಡ್‌ರೂಮ್ ಮನೆ ಕೊಟ್ಟರು ಅಂತಿಟ್ಟುಕೊಳ್ಳಿ. ವಾರಕ್ಕೆ 21 ಪೌಂಡ್ ಕಡಿತ. ಸಂಬಳದಲ್ಲಿ ತೂಗಿಸಬಲ್ಲವರು ತೂಗಿಸುತ್ತಾರೆ. ಪೂರ್ತಿ ಯೂನಿವರ್ಸಲ್ ಕ್ರೆಡಿಟ್ ಎಂಬ ಸರ್ಕಾರಿ ಸಹಾಯಧನದ ಮೇಲೆ ಇರುವವರಿಗೆ ಅದು ಊಟದ ದುಡ್ಡು. ಅಸೋಸಿಯೇಷನ್‌ನವರು ಮನೆ ಕೊಡುವ ಮೊದಲು ಬಾಡಿಗೆ ಕಟ್ಟಬಲ್ಲರಾ ಅಂತ ಚೆಕ್ ಮಾಡುತ್ತಾರಲ್ಲ, ಅಲ್ಲೇ ಅಂಥವರು ಫೇಲ್. ಕೊನೆಗೆ ಆಗಿದ್ದೇನೆಂದರೆ, ಮಕ್ಕಳ ಸಂಖ್ಯೆ ಹದ ಮಾಡಲು ಇಟ್ಟ ನಿಯಮ ತಾನೇ ತಾನಾಗಿ ಸಂಬಳದವರ ಕೋಟಾ ಆಗಿಬಿಟ್ಟಿದೆ. ಒಂದು ಇಲಾಖೆ ಬೀದಿಗೆ ಉಸಿರಾಡಲು ಜಾಗ ಬಿಡಿ ಅನ್ನುತ್ತದೆ, ಇನ್ನೊಂದು ಇಲಾಖೆ ಆ ಜಾಗಕ್ಕೆ ದಂಡ ಹಾಕುತ್ತದೆ. ಪಿಂಚಣಿ ವಯಸ್ಸಿನವರಿಗೆ ಈ ಕಡಿತ ಇಲ್ಲ, ಹಾಗಾಗಿ ಹೊಸ ಬಡಾವಣೆಗೆ ಒಂದಷ್ಟು ಹಿರಿಯರನ್ನು ಕರೆತರುವುದು ಸುಲಭದ ದಾರಿ. ನಮ್ಮಲ್ಲಿ ಅದನ್ನೂ ಮಾಡಿಲ್ಲ. ಹಿರಿಯರಿಗೆ ಬೇಕಾದ ನೆಲಮಹಡಿಯ ಸಣ್ಣ ಮನೆಗಳನ್ನೇ ಬಿಲ್ಡರ್ ಕಟ್ಟಿಲ್ಲ, ಹಂಚುವವರು ಎಲ್ಲಿಂದ ತರುತ್ತಾರೆ?

ಈಗ ಆ ಕೆಲಸದವರ ಕೋಟಾ. ನನ್ನ ಸಹೋದ್ಯೋಗಿಗೆ ಕೊನೆಗೆ ಮನೆ ಸಿಕ್ಕಿದ್ದು ಅದರಿಂದಲೇ. ಬ್ಯಾಂಡ್ ಬಿಯಲ್ಲಿ ಮುಂದಿದ್ದವರನ್ನು ದಾಟಿ ಬಂತು. ಅವರು ಒಳ್ಳೆಯ ನೆರೆಯವರು, ಮಕ್ಕಳು ಚೂಟಿ, ನಮ್ಮ ಮನೆಗೂ ಬರುತ್ತಾರೆ. ಆದರೂ ಈ ಕೋಟಾ ನನಗೆ ಒಪ್ಪಿಗೆಯಾಗಿಲ್ಲ, ಅವರ ಎದುರೇ ಹೇಳಿದ್ದೇನೆ. ಇಂಗ್ಲೆಂಡಿನಲ್ಲಿ 2025ರ ಹೊತ್ತಿಗೆ 1.3 ಲಕ್ಷಕ್ಕೂ ಹೆಚ್ಚು ಕುಟುಂಬಗಳು ತಾತ್ಕಾಲಿಕ ವಸತಿಯಲ್ಲಿದ್ದವು. ಹೋಟೆಲ್ ಕೋಣೆ, ಹಾಸ್ಟೆಲ್, ಯಾರದೋ ಬಾಡಿಗೆ ಮನೆ. ಒಂದು ಹೋಟೆಲ್ ಕೋಣೆಯಲ್ಲಿ ಮಗುವಿನ ಜೊತೆ ಇರುವ ತಾಯಿಗೆ ಕೆಲಸ ಹಿಡಿಯಲು ಮೊದಲು ಬೇಕಾಗಿರುವುದೇ ಒಂದು ವಿಳಾಸ, ಒಂದು ಸ್ಕೂಲ್. ಅವಳಿಗೆ ಕೆಲಸ ಇಲ್ಲ ಅಂತ ಮನೆ ಇಲ್ಲ. ಅಂಗವೈಕಲ್ಯದ ಮಗನನ್ನು ದಿನವಿಡೀ ನೋಡಿಕೊಳ್ಳುವ ಅಪ್ಪ ಕೆಲಸದವನು ಅಲ್ವಾ? ಒಳ್ಳೆಯ ಕೌನ್ಸಿಲ್‌ಗಳು ಆರೈಕೆ ಮಾಡುವವರನ್ನೂ ವಾಲಂಟಿಯರ್‌ಗಳನ್ನೂ ಈ ಕೋಟಾಕ್ಕೆ ಸೇರಿಸುತ್ತವೆ. ನಮ್ಮದು ಸೇರಿಸಿಲ್ಲ. ವಾರಕ್ಕೆ ಹದಿನಾರು ಗಂಟೆ ಕೆಲಸದ ಪೇ ಸ್ಲಿಪ್ ಬೇಕು, ಅಷ್ಟೇ. ಗೋದಾಮಿನಲ್ಲಿ ಇಷ್ಟು ಗಂಟೆ ಕೆಲಸ ಅನ್ನುವ ಖಾತ್ರಿಯಿಲ್ಲದ ಜೀರೋ ಅವರ್ ಒಪ್ಪಂದದ ಮೇಲೆ ಇರುವವರು ಕೀ ತಗೊಂಡ ಮುಂದಿನ ತಿಂಗಳೇ ಕೆಲಸ ಕಳೆದುಕೊಳ್ಳಬಹುದು. ಆಗ ಸಮತೋಲನ ಎಲ್ಲಿ ಹೋಯಿತು? ಬಾಡಿಗೆ ಕರಾರು ಹಾಗೇ ಇರುತ್ತದೆ, ಇರಲೇಬೇಕು. ಕೋಟಾ ಮಾತ್ರ ಆವತ್ತಿಗೇ ಅರ್ಥ ಕಳೆದುಕೊಂಡಿರುತ್ತದೆ.

ಯಾರನ್ನು ಆರಿಸಬೇಕು ಅನ್ನುವುದಕ್ಕೆ ಇಷ್ಟೆಲ್ಲ ತಲೆ ಕೆಡಿಸಿಕೊಂಡವರು ಎಲ್ಲಿ ಇರಿಸಬೇಕು ಅನ್ನುವುದಕ್ಕೆ ಅದರ ಅರ್ಧದಷ್ಟೂ ಯೋಚಿಸಿಲ್ಲ. ಸೋಶಿಯಲ್ ಮನೆಗಳನ್ನು ಬೀದಿ ತುಂಬಾ ಚದುರಿಸುವುದಕ್ಕೆ ಇಲ್ಲಿನವರು ಪೆಪ್ಪರ್ ಪಾಟಿಂಗ್ ಅನ್ನುತ್ತಾರೆ. ಅದಕ್ಕೆ ಬಿಲ್ಡರ್‌ಗೂ ಮನಸ್ಸಿಲ್ಲ, ರಿಪೇರಿ ವ್ಯಾನ್ ಒಂದೇ ಕಡೆ ಹೋಗಲಿ ಅಂತ ಅಸೋಸಿಯೇಷನ್‌ಗೂ ಮನಸ್ಸಿಲ್ಲ. ಹಾಗಾಗಿ ಆರೆಂಟು ಮನೆಗಳ ಗುಂಪು ಮಾಡಿ ಅಲ್ಲಲ್ಲಿ ಇಡುವುದು ನಡುವಿನ ದಾರಿ. ನಮ್ಮ ಬಡಾವಣೆಯಲ್ಲಿ ಮೊದಲ ಹಂತದಲ್ಲಿ ಹಾಗೇ ಮಾಡಿದ್ದಾರೆ, ಅದಕ್ಕೆ ಶಭಾಷ್ ಅನ್ನಬೇಕು. ಇಟ್ಟಿಗೆ, ಬಾಗಿಲು, ಕಿಟಕಿ ಎಲ್ಲಾ ಒಂದೇ. ಹೊರಗಿನವರು ನೋಡಿ ಯಾವುದು ಯಾರದ್ದು ಹೇಳಲಾರರು, ಕಾರ್ ಪಾರ್ಕಿಂಗ್ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಸ್ವಂತದವರಿಗೆ ಮನೆ ಪಕ್ಕದಲ್ಲೇ ಡ್ರೈವ್‌ವೇ, ಸೋಶಿಯಲ್ ಮನೆಗಳಿಗೆ ಎದುರಿಗೆ ಸಾಲು ಪಾರ್ಕಿಂಗ್. ಮೂರನೇ ಹಂತಕ್ಕೆ ಬರುವಷ್ಟರಲ್ಲಿ ಎಲ್ಲಾ ಸೋಶಿಯಲ್ ಮನೆಗಳನ್ನೂ ಹಿಂದುಗಡೆ ರೈಲು ಹಳಿ ಕಡೆಗೆ ತಳ್ಳಿದ್ದಾರೆ. ಅಲ್ಲಿ ಎಂಥ ಪ್ಲಾನ್ ಮಾಡಿದರೂ ಏನು ಪ್ರಯೋಜನ.

ಲಂಡನ್ನಿನಲ್ಲಿ ಇನ್ನೂ ಕೆಟ್ಟದಾಗಿ ನಡೆದಿದೆ. ಅಲ್ಡ್‌ಗೇಟ್‌ನ ಒನ್ ಕಮರ್ಷಿಯಲ್ ಸ್ಟ್ರೀಟ್ ಎಂಬ ಕಟ್ಟಡದಲ್ಲಿ ದುಡ್ಡಿದ್ದವರಿಗೆ ಮುಂದಿನ ಲಾಬಿ, ಕಡಿಮೆ ದರದ ಫ್ಲ್ಯಾಟಿನವರಿಗೆ ಪಕ್ಕದ ಓಣಿಯ ಬಾಗಿಲು. 2014ರಲ್ಲಿ ಅದರ ಮುಂದೆ ಪ್ರತಿಭಟನೆಯಾಗಿ, ಬಡವರ ಬಾಗಿಲು ಅನ್ನುವ ಹೆಸರೇ ಬಂತು. 2019ರಲ್ಲಿ ಲ್ಯಾಂಬೆತ್‌ನ ಒಂದು ಡೆವಲಪ್‌ಮೆಂಟ್‌ನಲ್ಲಿ ಸೋಶಿಯಲ್ ಮನೆಯ ಮಕ್ಕಳು ಆಟದ ಜಾಗಕ್ಕೆ ಹೋಗದ ಹಾಗೆ ಮಾಡಿದ್ದು ಪತ್ರಿಕೆಯಲ್ಲಿ ಬಂದು ದೊಡ್ಡ ಸುದ್ದಿಯಾಯಿತು. ಆಮೇಲೆ ಮಕ್ಕಳನ್ನು ಒಳಗೆ ಬಿಟ್ಟರು. ಇಂಥವನ್ನು ಬಿಲ್ಡರ್‌ಗಳು ಸರ್ವಿಸ್ ಚಾರ್ಜ್ ಲೆಕ್ಕದಲ್ಲಿ ಸಮರ್ಥಿಸುತ್ತಾರೆ. ಲಾಬಿಯ ಖರ್ಚು ಹಂಚಿದರೆ ಸೋಶಿಯಲ್ ಬಾಡಿಗೆ ಏರುತ್ತದೆ ಅನ್ನುವುದು ವಾದ. ಪೂರ್ತಿ ಸುಳ್ಳಲ್ಲ. ಆದರೆ ಜಾರುಬಂಡೆಗೆ ಅಷ್ಟೇನು ಖರ್ಚು ಬರುತ್ತದೆ ಹೇಳಿ.

ಸಿಂಗಪುರದಲ್ಲಿ ಇದ್ದು ಬಂದ ಗೆಳೆಯರು ಅಲ್ಲಿನ ಉದಾಹರಣೆ ಕೊಡುತ್ತಿರುತ್ತಾರೆ. 1989ರಿಂದ ಅಲ್ಲಿ ಪ್ರತಿ ಸರ್ಕಾರಿ ಬ್ಲಾಕಿಗೂ ಪ್ರತಿ ನೆರೆಹೊರೆಗೂ ಜನಾಂಗವಾರು ಮಿತಿ ಇದೆ, ಮರುಮಾರಾಟದಲ್ಲೂ ಬಿಡುವುದಿಲ್ಲ. ಅದರಲ್ಲಿ ನನಗೆ ಹಿಡಿಸದ್ದು ಬಹಳ. ಚೀನೀಯರ ಮಿತಿ ತುಂಬಿದ ಬ್ಲಾಕಿನಲ್ಲಿ ಭಾರತೀಯರು, ಮಲಯರು ಮನೆ ಮಾರಲು ಪರದಾಡುತ್ತಾರೆ, ಚೀನೀಯರಿಗೆ ಮಾರುವಂತಿಲ್ಲ, ಬೇರೆಯವರು ಸಿಗದಿದ್ದರೆ ಬೆಲೆ ಇಳಿಸಬೇಕಾಗುತ್ತದೆ. ಆದರೆ ಒಂದು ವಿಷಯ ಅವರಿಗೆ ಗೊತ್ತಿದೆ. ಮಿಶ್ರಣ ಬೇಕೆಂದರೆ ಮೊದಲ ದಿನ ಮಾತ್ರ ನೋಡಿದರೆ ಸಾಲದು.

ನಮ್ಮ ಸೇವೆ ಬೀಳುವುದು ಅಲ್ಲೇ. ಲೋಕಲ್ ಲೆಟಿಂಗ್ಸ್ ಪ್ಲಾನ್ ಹೆಚ್ಚಿನ ಕಡೆ ಮೊದಲ ಹಂಚಿಕೆಗೆ ಮಾತ್ರ. ಮದುವೆ ಊಟದಲ್ಲಿ ಮೊದಲ ಪಂಕ್ತಿಗೆ ಮನೆಯವರೇ ನಿಂತು ವಿಚಾರಿಸಿ, ಕೊನೆಯ ಪಂಕ್ತಿಗೆ ಬಡಿಸುವವರೂ ಕಾಣೆಯಾಗುತ್ತಾರಲ್ಲ, ಹಾಗೆ. ಮೊದಲ ಸಲ ಪ್ರತಿ ಮನೆಗೂ ಅಧಿಕಾರಿ ಬಂದಿದ್ದರು, ಸ್ವಾಗತದ ಚೀಲ ಕೊಟ್ಟರು, ಕಸ ಯಾವ ದಿನ ಅಂತ ಹೇಳಿಕೊಟ್ಟರು, ಬೀದಿಯವರೆಲ್ಲ ಸೇರಿ ಟೀ ಕುಡಿದೆವು. ಇದನ್ನು ವ್ಯಂಗ್ಯಕ್ಕೆ ಹೇಳುತ್ತಿಲ್ಲ, ನಿಜವಾಗಿ ಚೆನ್ನಾಗಿ ಮಾಡಿದರು. ಆವತ್ತು ಪರಿಚಯವಾದವರು ಈಗಲೂ ಒಬ್ಬರ ಪಾರ್ಸೆಲ್ ಒಬ್ಬರು ತೆಗೆದಿಡುತ್ತಾರೆ. ಆಮೇಲೆ ಖಾಲಿಯಾದ ಮನೆಗಳಿಗೆ ಬಂದವರಿಗೆ ಇದ್ಯಾವುದೂ ಇಲ್ಲ. ಬಂದವರಲ್ಲಿ ಒಬ್ಬರು ಮಾನಸಿಕ ಆರೋಗ್ಯದ ತೊಂದರೆ ಇರುವ ಯುವಕ, ಮೊದಲ ಸಲ ಒಂಟಿ ಬದುಕುತ್ತಿರುವವನು. ಸಹಾಯಕ್ಕೆ ಬರಬೇಕಾದ ವರ್ಕರ್ ಬರುವುದು ಅಪರೂಪ. ರಾತ್ರಿ ಹೊತ್ತು ಜೋರು ಸಂಗೀತ, ಎದುರು ಮನೆಯವರ ದೂರು, ಅಸೋಸಿಯೇಷನ್‌ನಿಂದ ಎಚ್ಚರಿಕೆ ಪತ್ರ. ಅವನನ್ನು ಇಲ್ಲಿಗೆ ಕಳಿಸಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಕಳಿಸಿ ಕೈ ತೊಳೆದುಕೊಂಡಿದ್ದು ತಪ್ಪು. ಒಂದೂವರೆ ಸ್ಟಾರ್ ಇದಕ್ಕೇ.

ಬಸ್ ಬಗ್ಗೆ ಒಂದು ಮಾತು. ಕಾರಿಲ್ಲದ ಮನೆ ಸೋಶಿಯಲ್ ಸಾಲಿನಲ್ಲೇ ಜಾಸ್ತಿ. ಆದರೆ ಒಪ್ಪಂದದಲ್ಲಿ ಬಸ್ಸು, ಪ್ರೈಮರಿ ಸ್ಕೂಲು ಎಲ್ಲ ಇಂತಿಷ್ಟು ಮನೆ ತುಂಬಿದ ಮೇಲೆ ಅಂತ ಬರೆದಿರುತ್ತದೆ. ಬಿಲ್ಡರ್ ನಿಧಾನ ಮಾಡಿದರೆ ಆ ಸಂಖ್ಯೆ ಬರುವುದೇ ಇಲ್ಲ. ಸ್ವಂತದವರು ಕಾರಿನಲ್ಲಿ ಹೋಗುತ್ತಾರೆ, ಇವರು ಮಗುವಿನ ಗಾಡಿ ತಳ್ಳಿಕೊಂಡು ಕಾಲುದಾರಿ ಇಲ್ಲದ ರಸ್ತೆಯಲ್ಲಿ ನಡೆಯುತ್ತಾರೆ. ಹಂಚಿಕೆ ಪ್ಲಾನಿನಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ನಮ್ಮವರಿಗೆ ಒಂದೆರಡು ವಿಷಯ. ಕೆಲಸದ ವೀಸಾದಲ್ಲಿರುವವರು ಈ ಪಟ್ಟಿಗೆ ಸೇರಲು ಆಗುವುದಿಲ್ಲ. ಪಬ್ಲಿಕ್ ಫಂಡ್ಸ್ ಇಲ್ಲ, ಅಂದರೆ ಸರ್ಕಾರಿ ನೆರವು ಸಿಗುವುದಿಲ್ಲ ಅನ್ನುವ ಷರತ್ತು ವೀಸಾದಲ್ಲೇ ಇರುತ್ತದೆ. ಶಾಶ್ವತ ವಾಸದ ಅನುಮತಿ ಬಂದ ಮೇಲೆ ಅರ್ಜಿ ಹಾಕಬಹುದು, ಆದರೆ ಕೌನ್ಸಿಲ್‌ನ ಸ್ಥಳೀಯ ನಂಟಿನ ಷರತ್ತು ಓದಿಕೊಳ್ಳಿ. ಕನಿಷ್ಠ ಎರಡು ವರ್ಷ ಅನ್ನುವುದು ಸರ್ಕಾರ 2013ರಲ್ಲಿ ಕೊಟ್ಟ ಸಲಹೆ, ಕೆಲವರು ಇನ್ನೂ ಜಾಸ್ತಿ ಕೇಳುತ್ತಾರೆ. ಮನೆ ಕೊಳ್ಳಲು ಹೊರಟವರು ಸೋಶಿಯಲ್ ಎಷ್ಟು ಶೇಕಡಾ ಅಂತ ಕೇಳುವುದಕ್ಕಿಂತ, ಗುಂಪುಗಳು ಎಷ್ಟು ದೊಡ್ಡವು, ಎಲ್ಲಿವೆ, ಆಟದ ಜಾಗ ಯಾವ ವಯಸ್ಸಿನವರಿಗೆ, ಸ್ಕೂಲ್ ಯಾವ ಹಂತದಲ್ಲಿ ಅಂತ ಕೇಳಿ. 106ನೇ ಸೆಕ್ಷನ್ ಒಪ್ಪಂದ ಕೌನ್ಸಿಲ್‌ನ ಪ್ಲಾನಿಂಗ್ ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು, ಸೇಲ್ಸ್ ಆಫೀಸಿನ ಹುಡುಗ ಹೇಳುವುದನ್ನು ನಂಬಬೇಕಾಗಿಲ್ಲ. ಮನೆಗಾಗಿ ಕಾಯುವವರು ತಮಗೆ ಮನೆ ತಪ್ಪಿದಾಗ ಲೋಕಲ್ ಲೆಟಿಂಗ್ಸ್ ಪ್ಲಾನಿನ ಪ್ರತಿ ಕೇಳಿ ಓದಿ. ನಿಮ್ಮ ಪಾರ್ಟ್ ಟೈಮ್ ಕೆಲಸ, ಆರೈಕೆ ಕೆಲಸ ಅದರಲ್ಲಿ ಲೆಕ್ಕಕ್ಕೆ ಬರುತ್ತಿರಬಹುದು, ಫಾರಂನಲ್ಲಿ ಆ ಪ್ರಶ್ನೆ ಇರುವುದಿಲ್ಲ ಅಷ್ಟೇ. ಮತ್ತೆ ಪಟ್ಟಿಗೆ ಸೇರಿದ ಮೇಲೆ ಅರ್ಜಿ ನವೀಕರಿಸಿ ಅಂತ ಇಮೇಲ್ ಬಂದರೆ ಆವತ್ತೇ ಮಾಡಿ. ಬಹಳಷ್ಟು ಸಲ ಅದು ಸ್ಪ್ಯಾಮ್‌ಗೆ ಹೋಗಿ ಕೂತಿರುತ್ತದೆ, ಉತ್ತರ ಕೊಡದವರ ಹೆಸರನ್ನು ತೆಗೆದುಬಿಡುತ್ತಾರೆ.